ಎರಡನೇ ಡಿಸ್ಕಿಗೂ ಗ್ರಬ್ ಬೇಕು ಕಣ್ರೀ

ಅಂತೂ ಸರ್ವರ್ ಈಗ ಎದ್ದು ಕೂತಿತು. ಎರಡು ಡಿಸ್ಕಿನ ರೇಡ್ 1. ಮೊದಲನೇ ಡಿಸ್ಕ್ ಕೆಟ್ಟಿದೆ ಅಂತ ತೆಗೆದರೆ ಕಪ್ಪು ಪರದೆ, ಬೂಟ್ ಆಗೋಕೆ ಡಿಸ್ಕೇ ಇಲ್ಲ ಅನ್ನೋ ಹಟ. ಲೈವ್ ಯುಎಸ್‌ಬಿ ಹಾಕಿ, ಎಂಡಿಎಡಿಎಂನಲ್ಲಿ ಅರೇ ಜೋಡಿಸಿ ನೋಡಿದ್ರೆ ಡೇಟಾ ಎಲ್ಲಾ ಹಾಗೇ ಇದೆ!

ವಿಷಯ ಏನಪ್ಪಾ ಅಂದ್ರೆ, ನಾವು ಸಾಮಾನ್ಯವಾಗಿ ರೇಡ್‌ಗೆ ಸೇರಿಸೋದು ಪಾರ್ಟಿಷನ್‌ಗಳನ್ನ. ಹಳೇ ಬಯಾಸ್ ಯಂತ್ರಗಳಲ್ಲಿ ಬೂಟ್‌ಲೋಡರ್ ಆದ ಗ್ರಬ್‌ನ ಮೊದಲ ತುಣುಕು ಇರೋದು ಡಿಸ್ಕಿನ ಮೊಟ್ಟಮೊದಲ 512 ಬೈಟಿನಲ್ಲಿ, ಅಂದ್ರೆ ಪಾರ್ಟಿಷನ್‌ಗಳ ಆಚೆ. ಅದರ ನಕಲು ಎರಡನೇ ಡಿಸ್ಕಿಗೆ ತಾನಾಗಿ ಹೋಗಲ್ಲ. ಮನೆಗೆ ಎರಡು ಬಾಗಿಲಿಟ್ಟು ಒಂದಕ್ಕೆ ಮಾತ್ರ ಕೀಲಿಕೈ ಮಾಡಿಸಿದ ಹಾಗೆ.

ಸಿಎಚ್‌ರೂಟ್ ಮಾಡಿ ಉಳಿದ ಡಿಸ್ಕಿಗೆ ಗ್ರಬ್ ಇನ್‌ಸ್ಟಾಲ್ ಹೊಡೆದೆ, ಮುಗೀತು. ಯುಇಎಫ್‌ಐ ಇದ್ದೋರು ನಗಬೇಡಿ, ಬೂಟ್‌ಲೋಡರ್ ಇರೋ ನಿಮ್ಮ ಇಎಸ್‌ಪಿ ಪಾರ್ಟಿಷನ್ನೂ ಸಾಮಾನ್ಯವಾಗಿ ಅರೇ ಹೊರಗೇ ಇರುತ್ತೆ.

ರೇಡ್ ಹಾಕಿದೀವಿ ಅಂತ ನಿಶ್ಚಿಂತೆಯಿಂದ ಇರೋರು ಬಹಳ ಜನ. ಎಲ್ಲಾ ಸರಿ ಇರುವಾಗಲೇ ಒಂದೊಂದೇ ಡಿಸ್ಕ್ ಬಿಚ್ಚಿ ರೀಬೂಟ್ ಮಾಡಿ ನೋಡಿದೋರು ಇಲ್ಲಿ ಯಾರಾದ್ರೂ ಇದೀರಾ? ಬ್ಯಾಕಪ್ ತಗೊಂಡೇ ಮಾಡಿ, ಮತ್ತೆ ನನ್ನ ಬೈಬೇಡಿ.