ಸಾವಿರದವರೆಗಿನ ಎಣಿಕೆ

ಕಮಲಾಪುರದಿಂದ ಭಾಯಿಜಾನರ ಮಗಳ ಫೋನು ಬಂದದ್ದು ಒಂದು ಶುಕ್ರವಾರ ಸಂಜೆ. "ಚಾಚಾ, ಅಬ್ಬಾನ ಹಾವಿನ ಆಟ ಸಿಕ್ಕಿದೆ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿಲ್ಲ" ಎಂದಳು. ನಾವು ಕಲಬುರಗಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ನಾವು ಎಂದರೆ ಆಪಾ ಮತ್ತು ಅವರ ತಮ್ಮ. ಕತೆ ಬರೆಯುವುದು ತಮ್ಮನ ಚಟವಾದರೂ ಈ ಸಂಗತಿಯಲ್ಲಿ ಇಬ್ಬರಿಗೂ ಸಮಪಾಲು. ಆ ಆಟದ ಎರಡು ಹಾವುಗಳು ನಾವೇ.

1996ರ ಮಾತು. ಊರು ಆಗಿನ್ನೂ ಗುಲಬರ್ಗಾ. ಸೂಪರ್ ಮಾರ್ಕೆಟ್ಟಿನ ಬಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಭಾಯಿಜಾನ್ ಸಂಜೆಯ ಬ್ಯಾಚಿಗೆ ಬೇಸಿಕ್ ಕಲಿಸುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಮಸೀದಿಗೆ ಹೋದಂತೆ ಬರಿಗಾಲಲ್ಲಿ ಒಳಗೆ ಹೋಗಬೇಕು. ಮೇ ತಿಂಗಳಲ್ಲಿ ಗುಲಬರ್ಗಾದ ಬಿಸಿಲು ಕಂಡವರಿಗೆ ಆ ಎ.ಸಿ. ಕೋಣೆ ಏನೆಂದು ಗೊತ್ತು. ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲು ಸೇರಿದ್ದ ತಮ್ಮನಿಗಾಗಲಿ, ಬಿ.ಎ. ಓದುತ್ತಿದ್ದ ಆಪಾಗಾಗಲಿ ಕಂಪ್ಯೂಟರ್ ಕಲಿಯುವ ಹಂಬಲವೇನೂ ಇರಲಿಲ್ಲ. ರವಿವಾರ ತಣ್ಣಗೆ ಕೂರಲು ಹೋಗುತ್ತಿದ್ದೆವು.

1991ರ ಎಂ.ಎಸ್.-ಡಾಸ್ 5ರೊಂದಿಗೆ ಕ್ಯೂಬೇಸಿಕ್ ಬಂತು. ಅದರ ಜೊತೆ ಕಲಿಯುವವರಿಗೆ ಮಾದರಿಯಾಗಿ ಎರಡು ಆಟಗಳಿದ್ದವು. ಒಂದರಲ್ಲಿ ಎರಡು ಗೊರಿಲ್ಲಾಗಳು ಕಟ್ಟಡಗಳ ಮೇಲೆ ನಿಂತು ಒಂದರ ಮೇಲೊಂದು ಬಾಳೆಹಣ್ಣು ಎಸೆಯುತ್ತವೆ. (ಮುಂದೆ ಭಾಯಿಜಾನರಿಗೆ ಕಮಲಾಪುರದ ಹೆಣ್ಣು ಗೊತ್ತಾದಾಗ, ಅಲ್ಲಿಯ ಕೆಂಪು ಬಾಳೆಯನ್ನೂ ಈ ಗೊರಿಲ್ಲಾಗಳನ್ನೂ ಸೇರಿಸಿ ನಾವು ಅವರನ್ನು ಬಹಳ ಕಾಡಿದೆವು.) ಇನ್ನೊಂದು ನಿಬಲ್ಸ್. ಹಾವು ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ನುಂಗುತ್ತ ಉದ್ದವಾಗುತ್ತದೆ, ಗೋಡೆಗೆ ಬಡಿದರೆ ಸಾಯುತ್ತದೆ. ಇಬ್ಬರು ಒಂದೇ ಕೀಬೋರ್ಡಿನಲ್ಲಿ ಆಡಬಹುದು: ಒಬ್ಬರಿಗೆ ಬಾಣದ ಕೀಗಳು, ಇನ್ನೊಬ್ಬರಿಗೆ ಡಬ್ಲ್ಯು, ಎ, ಎಸ್, ಡಿ.

ಈ ಆಟಗಳ ಹೊಟ್ಟೆ ಬಿಚ್ಚಿ ನೋಡಬಹುದಿತ್ತು. ಪ್ರೋಗ್ರಾಮು ಸಾದಾ ಅಕ್ಷರಗಳಲ್ಲಿತ್ತು, ಓದಬಹುದು, ತಿದ್ದಬಹುದು. ಮೂಲದಲ್ಲಿ ಹಾವುಗಳ ಹೆಸರು ಸ್ಯಾಮಿ ಮತ್ತು ಜೇಕ್. ಭಾಯಿಜಾನ್ ಅವನ್ನು ಅಳಿಸಿ ನಮ್ಮ ಮನೆಯ ಹೆಸರುಗಳನ್ನು ಹಾಕಿದರು: ಮುನ್ನಿ ಮತ್ತು ಛೋಟು. 1998ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ 486 ಮನೆಗೇ ಬಂತು. "ಮುನ್ನಿ ಸತ್ತಳು! ಛೋಟು ಸತ್ತ!" ಎಂದು ನಾವು ಕೂಗುವುದನ್ನು ಕೇಳಿ ಅಮ್ಮಿ ಹೌಹಾರಿದರು. ಸಂಜೆಯ ಹೊತ್ತು ದೀಪ ಹಚ್ಚಿದ ಮನೆಯಲ್ಲಿ ಇಂಥ ಮಾತು ಬೇಡ ಎಂದು ಗದರಿದರು. ಆ ರಾತ್ರಿಯೇ ಭಾಯಿಜಾನ್ ಸಾವಿನ ಸಾಲುಗಳನ್ನು ತಿದ್ದಿದರು: ಮುನ್ನಿ ಸೋ ಗಯಿ, ಛೋಟು ಸೋ ಗಯಾ. ಇಂಗ್ಲಿಷಿನಲ್ಲಿ ಎರಡೂ ಹಾವಿಗೆ ಒಂದೇ ಕ್ರಿಯಾಪದ ಸಾಕಿತ್ತು, ನಮ್ಮ ಭಾಷೆಯಲ್ಲಿ ಹೆಣ್ಣು ಮಲಗುವುದು ಬೇರೆ, ಗಂಡು ಮಲಗುವುದು ಬೇರೆ.

2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ಭಾಯಿಜಾನ್ ಹೋದರು. ಜನಾಜಾಕ್ಕೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಭಾಭಿ ಮಗಳೊಂದಿಗೆ ತವರಿಗೆ ಹೋದರು. ಜೊತೆಗೆ ಹೋದ ಟ್ರಂಕಿನಲ್ಲಿ ಬೂಸರು ಹಿಡಿದ ಫ್ಲಾಪಿಗಳಿದ್ದವು, ಫ್ಲಾಪಿಗಳ ಕೆಳಗೆ ಒಂದು ಸಿ.ಡಿ. ಇತ್ತು. ಹುಡುಗಿಗೆ ಈಗ ಸಿಕ್ಕಿದ್ದು ಅದು.

ರವಿವಾರ ಹುಮನಾಬಾದ್ ಬಸ್ಸು ಹಿಡಿದು ನಾವಿಬ್ಬರೂ ಕಮಲಾಪುರಕ್ಕೆ ಹೋದೆವು. ಹುಡುಗಿ ಇಂಜಿನಿಯರಿಂಗ್ ಓದುತ್ತಾಳೆ, ಅರ್ಧ ದಾರಿ ತಾನೇ ಸವೆಸಿದ್ದಳು. ಅವಳ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ; ಗೆಳತಿಯ ಮನೆಯಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದಿದ್ದಳು. ಕ್ಯೂಬೇಸಿಕ್ ತೆರೆಯಹೋದರೆ ವಿಂಡೋಸ್ ನಿರಾಕರಿಸಿತು. ಅದು 16 ಬಿಟ್ಟಿನ ಕಾಲದ್ದು, 64 ಬಿಟ್ಟಿನ ವಿಂಡೋಸ್ ಅದನ್ನು ಒಳಗೆ ಬಿಡುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ರಲ್ಲಂತೂ 32 ಬಿಟ್ಟಿನ ಆವೃತ್ತಿಯೇ ಇಲ್ಲವಾದ್ದರಿಂದ ಹಿಂಬಾಗಿಲೂ ಇಲ್ಲ. ಇದಕ್ಕೆ ದಾರಿ ಡಾಸ್‌ಬಾಕ್ಸ್. 2002ರಿಂದ ಉಚಿತವಾಗಿ ಸಿಗುವ ಈ ಪ್ರೋಗ್ರಾಮು ಹೊಸ ಯಂತ್ರದೊಳಗೆ ಒಂದು ಹಳೆಯ ಯಂತ್ರದ ವೇಷ ಕಟ್ಟುತ್ತದೆ. ಒಳಗಿನ ಆಟಕ್ಕೆ ತಾನು ಹಳೆಯ ಮನೆಯಲ್ಲೇ ಇದ್ದೇನೆ ಎನಿಸುತ್ತದೆ. ಹುಡುಗಿ ಅದನ್ನೂ ಹಾಕಿದ್ದಳು. ಆಟ ಸಲೀಸಾಗಿ ಓಡಲಿ ಎಂದು ಅದರ ವೇಗವನ್ನು ತುತ್ತತುದಿಗೆ ಏರಿಸಿದ್ದಳು. ಆಟ ತೆರೆಯಿತು, ಎಷ್ಟು ಜನ ಎಂದು ಕೇಳಿತು, ವೇಗ ಎಷ್ಟು ಎಂದು ಕೇಳಿತು, ನಿಂತುಬಿಟ್ಟಿತು. ಸೊನ್ನೆಯಿಂದ ಭಾಗಿಸಲಾಗಿದೆ ಎಂದು ತಕರಾರು.

ತಕರಾರು ಬಂದ ಜಾಗವನ್ನು ಮೂವರೂ ಸೇರಿ ಓದಿದೆವು. ಆಟ ಶುರುವಾಗುವ ಮುನ್ನ ಯಂತ್ರ ಎಷ್ಟು ಚುರುಕು ಎಂದು ತಿಳಿಯಲು ಸುಮ್ಮನೆ ಒಂದರಿಂದ ಸಾವಿರದವರೆಗೆ ಎಣಿಸುತ್ತದೆ. ಹಿಡಿದ ಹೊತ್ತನ್ನು ನೋಡಿ, ಅದರಿಂದ ಭಾಗಿಸಿ ಹಾವಿನ ಓಟವನ್ನು ಹದಕ್ಕೆ ತರುತ್ತದೆ. ಆದರೆ ಅದು ನೋಡುವ ಗಡಿಯಾರ ಸೆಕೆಂಡಿಗೆ ಸುಮಾರು 18 ಸಲ ಮಾತ್ರ ಮಿಡಿಯುತ್ತದೆ. ಹಳೆಯ ಯಂತ್ರ ಸಾವಿರ ಮುಟ್ಟುವುದರೊಳಗೆ ಒಂದೆರಡು ಮಿಡಿತವಾದರೂ ಆಗುತ್ತಿತ್ತು. ಹೊಸದಕ್ಕೆ ಸಾವಿರ ಎಣಿಸಲು ಒಂದು ಮಿಡಿತವೂ ಬೇಡ. ನಿಮಿಷದ ಮುಳ್ಳೊಂದೇ ಇರುವ ಗಡಿಯಾರದ ಮುಂದೆ ಕಣ್ಣು ಮಿಟುಕಿಸಿ ಎಷ್ಟು ಹೊತ್ತಾಯಿತು ಎಂದು ಕೇಳಿದಂತೆ. ಹೊತ್ತೇ ಆಗಲಿಲ್ಲ ಎಂಬ ಉತ್ತರ ಬರುತ್ತದೆ. ಸೊನ್ನೆ.

"ಸಾವಿರದ ಜಾಗದಲ್ಲಿ ದೊಡ್ಡ ಸಂಖ್ಯೆ ಬರೆದರಾಯಿತು" ಎಂದಳು ಹುಡುಗಿ. ಸರಿಯಾದ ಮದ್ದು ಅದೇ. ಆದರೆ ಪ್ರೋಗ್ರಾಮಿನ ತಲೆಯ ಮೇಲೆ, ಯಂತ್ರ ಓದದೆ ಬಿಟ್ಟುಬಿಡುವ ಟಿಪ್ಪಣಿಯ ಸಾಲಿನಲ್ಲಿ, ಭಾಯಿಜಾನ್ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ದಖನಿ ಬರೆದಿದ್ದರು: ಇಸ್ಕು ಹಾಥ್ ನಕ್ಕೋ ಲಗಾವ್. ಇದಕ್ಕೆ ಕೈ ಹಚ್ಚಬೇಡಿ.

ಅಲ್ಲಿ ನಾವು ಒಡೆದು ಇಬ್ಬರಾದೆವು. ಕತೆ ಬರೆಯುವವನಿಗೆ ತಿದ್ದುವುದು ತಪ್ಪೆನಿಸುವುದಿಲ್ಲ. ಸೆಂಟರಿನ ಹುಡುಗರು ಕೆಡಿಸದಿರಲಿ ಎಂದು ಬರೆದ ಮಾತು ಮಗಳಿಗೆ ಯಾಕೆ ಅನ್ವಯಿಸಬೇಕು? ಭಾಯಿಜಾನರೇ ಬೇರೆಯವರ ಬರಹವನ್ನು ತಿದ್ದಿದವರಲ್ಲವೇ? ಹುಡುಗಿ ಮೂಲ ಹಾಗೇ ಇರಲಿ, ಪ್ರತಿ ಮಾಡಿಕೊಂಡು ತಿದ್ದೋಣ ಎಂದಳು. ಆಪಾ ಒಪ್ಪಲಿಲ್ಲ. "ಅವನು ಬರೆದದ್ದರಲ್ಲಿ ತಪ್ಪಿಲ್ಲ, ಯಂತ್ರಕ್ಕೆ ಅವಸರ. ಯಂತ್ರಕ್ಕೇ ಹೇಳಿ, ನಿಧಾನ ಮಾಡಲಿ" ಎಂದರು. ಕಂಪ್ಯೂಟರಿನ ಗಂಧವಿಲ್ಲದ ಆಪಾ ಹೇಳಿದ್ದು ಆಗುವಂಥದ್ದೇ ಆಗಿತ್ತು. ಮನೆಯ 486ರ ಮುಂಭಾಗದಲ್ಲಿ ಟರ್ಬೊ ಎಂಬ ಬಟನ್ ಇತ್ತು. ಹೆಸರು ವೇಗದ್ದು, ಉಪಯೋಗ ನಿಧಾನ ಮಾಡಲಿಕ್ಕೆ, ಅದಕ್ಕಿಂತ ಹಳೆಯ ಆಟಗಳು ನಡೆಯಲಿ ಎಂದು. ಡಾಸ್‌ಬಾಕ್ಸಿನಲ್ಲಿ ಆ ಕೆಲಸವನ್ನು ಸೈಕಲ್ಸ್ ಎಂಬ ಸಂಖ್ಯೆ ಮಾಡುತ್ತದೆ. ಕಂಟ್ರೋಲ್ ಒತ್ತಿ ಎಫ್ 11 ಹೊಡೆದರೆ ಇಳಿಯುತ್ತದೆ, ಎಫ್ 12 ಹೊಡೆದರೆ ಏರುತ್ತದೆ. ಹುಡುಗಿ ಅದನ್ನು 3000ಕ್ಕೆ ಇಳಿಸಿದಳು. ಭಾಯಿಜಾನರ ಒಂದಕ್ಷರವನ್ನೂ ಮುಟ್ಟಲಿಲ್ಲ.

ಆಟ ಎಣಿಸಿತು. ಈ ಸಲ ಹೊತ್ತು ಹಿಡಿಯಿತು. ನೀಲಿ ಪರದೆಯ ಮೇಲೆ ಮುನ್ನಿ, ಛೋಟು ಎಂಬ ಹೆಸರುಗಳು ಮೂಡಿದವು.

ಮೊದಲ ಆಟ ನಮ್ಮದು. ಆಪಾರ ಕಣ್ಣಿಗೆ ಈಗ ಕನ್ನಡಕ, ತಮ್ಮನ ಬೆರಳಿಗೆ ಬಿಗುವು. ಎರಡನೆಯದಕ್ಕೆ ಛೋಟುವಿನ ಜಾಗದಲ್ಲಿ ಹುಡುಗಿ ಕೂತಳು. ಗೋಡೆಗೆ ಬಡಿದದ್ದು ಆಪಾ. ಮುನ್ನಿ ಸೋ ಗಯಿ ಎಂಬ ಸಾಲು ಬಂದಾಗ ಹುಡುಗಿ ಗೊಳ್ಳೆಂದು ನಕ್ಕಳು. ಅದನ್ನು ಅವಳು ಎಂದೂ ನೋಡಿರಲಿಲ್ಲ. ನಾವು ಅಮ್ಮಿ ಗದರಿದ್ದನ್ನು ಹೇಳಿದೆವು. ಆಮೇಲೆ ಅವಳು ನಗಲಿಲ್ಲ, ಬೇಕೆಂದೇ ತನ್ನ ಹಾವನ್ನು ಗೋಡೆಗೆ ನುಗ್ಗಿಸಿ ಇನ್ನೊಂದು ಸಾಲನ್ನೂ ಓದಿದಳು.

ರೊಟ್ಟಿ ಬಡಿಯುತ್ತಿದ್ದ ಭಾಭಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಕೈ ತೊಳೆದು ಬಂದು, "ಯಾವ ಕೀ?" ಎಂದು ಕೇಳಿದರು. ಆಪಾ ಅವರ ಬೆರಳುಗಳನ್ನು ಡಬ್ಲ್ಯು, ಎ, ಎಸ್, ಡಿಗಳ ಮೇಲೆ ಇರಿಸಿದರು. ವೇಗ ಎಷ್ಟು ಎಂದು ಆಟ ಕೇಳಿತು. ಒಂದು ಎಂದು ಒತ್ತಿದೆವು.