ಕಲ್ಕತ್ತೆಯ ಗಾನತಟ್ಟೆಗಳ ಬೀದಿ

ಕಲ್ಕತ್ತೆಯನ್ನು ನೋಡಲು ಹೋದವರು ವಿಕ್ಟೋರಿಯಾ ಸ್ಮಾರಕವನ್ನೂ ಕಾಳಿಘಟ್ಟವನ್ನೂ ಹೌರಾ ಸೇತುವೆಯನ್ನೂ ಕಂಡು ಧನ್ಯರಾಗಿ ಹಿಂತಿರುಗುವುದು ವಾಡಿಕೆ. ಸಂಗೀತದ ಹುಚ್ಚು ಹಿಡಿದವರ ಯಾತ್ರಾಸ್ಥಳವೇ ಬೇರೆ. ಪಾರ್ಕ್ ಸ್ಟ್ರೀಟಿನಿಂದ ಉತ್ತರಕ್ಕೆ ತಿರುಗಿ ನ್ಯೂ ಮಾರ್ಕೆಟಿನ ಕಡೆಗೆ ಸಾಗುವ ಬೀದಿಯೊಂದಿದೆ. ಫಲಕದ ಮೇಲೆ ಅದರ ಹೆಸರು ಮಿರ್ಜಾ ಗಾಲಿಬ್ ಸ್ಟ್ರೀಟ್; ಜನರ ನಾಲಗೆಯ ಮೇಲೆ ಅದು ಇಂದಿಗೂ ಫ್ರೀ ಸ್ಕೂಲ್ ಸ್ಟ್ರೀಟ್. 2001ರಲ್ಲಿ ಕಲ್ಕತ್ತೆಯೇ ಕೋಲ್ಕತ್ತವಾಯಿತು. ಆದರೂ ಹಳೆಯ ಹೆಸರುಗಳು ಆ ಊರನ್ನು ಸುಲಭವಾಗಿ ಬಿಟ್ಟು ಹೋಗುವುದಿಲ್ಲ. ಆಂಗ್ಲ ಕಾದಂಬರಿಕಾರ ಥ್ಯಾಕರೆ 1811ರಲ್ಲಿ ಹುಟ್ಟಿದ್ದು ಇದೇ ಬೀದಿಯಲ್ಲಿ, ಇಂದು ಆರ್ಮೇನಿಯನ್ ಕಾಲೇಜು ಇರುವ ನಿವೇಶನದಲ್ಲಿ.

ಹಳೆಯ ಪುಸ್ತಕಗಳಿಗೂ ಹಳೆಯ ಗ್ರಾಮಫೋನ್ ರೆಕಾರ್ಡುಗಳಿಗೂ ಈ ಬೀದಿ ಬಹುಕಾಲದಿಂದ ಹೆಸರುವಾಸಿ. ಒಂದು ಕಾಲಕ್ಕೆ ಸಾಲುಸಾಲಾಗಿದ್ದ ಅಂಗಡಿಗಳು ಈಗ ಬೆರಳೆಣಿಕೆಗೆ ಇಳಿದಿವೆ. ಉಳಿದಿರುವವೂ ಗೂಡಿನಷ್ಟು ಕಿರಿದು. ಗೋಡೆಗಳಿಗೆ ಒತ್ತಿ ಸೂರಿನವರೆಗೂ ಪೇರಿಸಿದ ತಟ್ಟೆಗಳ ನಡುವೆ ಅಂಗಡಿಯವನಿಗೆ ಕುಳಿತುಕೊಳ್ಳುವಷ್ಟೇ ಸ್ಥಳ. ಗಿರಾಕಿ ಹೊರಗೆ, ಕಾಲುದಾರಿಯ ಮೇಲೆಯೇ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದನ್ನೇ ತಿರುವಿಹಾಕಬೇಕು. ರವೀಂದ್ರ ಸಂಗೀತದ ಬೆನ್ನಿಗೆ ಬೀಟಲ್ಸ್. ಅದರ ಹಿಂದೆ ಹಿಂದಿ ಚಿತ್ರಗೀತೆ. ಅದರ ಮಗ್ಗುಲಲ್ಲಿ, 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಸಂಭಾಷಣೆಗಳ ತಟ್ಟೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ಕಥೆಯ ಮಾತುಗಳು ವಂಗದೇಶದ ಬೀದಿಯಲ್ಲಿ ಧೂಳು ಹಿಡಿದು ಕುಳಿತಿರುವುದನ್ನು ಕಂಡರೆ ಕನ್ನಡಿಗನಿಗೆ ಕಿರುನಗೆ ಮೂಡದಿರದು.

ಈ ಬೇಟೆಗೆ ಹೊರಟವನಿಗೆ ಮೊದಲು ತಿಳಿದಿರಬೇಕಾದುದು ತಟ್ಟೆಗಳ ಜಾತಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಅರಗಿನವು. ಅರಗಿನ ಹುಳು ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟನ್ನು ಶುದ್ಧಮಾಡಿ, ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ, ಬಿಸಿಯಾಗಿರುವಾಗಲೇ ಅಚ್ಚಿನಲ್ಲಿ ಒತ್ತಿ ಅವುಗಳನ್ನು ಮಾಡುತ್ತಿದ್ದರು. ಹತ್ತು ಅಂಗುಲದ ತಟ್ಟೆಯ ಒಂದು ಮುಖಕ್ಕೆ ಸುಮಾರು 3 ನಿಮಿಷದ ಹಾಡು. ಅರಗಿನ ಮನೆ ಪಾಂಡವರ ಪಾಲಿಗೆ ಉರಿಯಾಯಿತು. ಅರಗಿನ ತಟ್ಟೆ ಸಂಗೀತದ ಪಾಲಿಗೆ ಮನೆಯಾಯಿತು. ಆದರೆ ಕೈಜಾರಿದರೆ ಮಣ್ಣಿನ ಹಂಚಿನಂತೆ ಚೂರಾಗುವುದೇ ಅದರ ಹಣೆಬರಹ. 1948ರಲ್ಲಿ ಅಮೆರಿಕದಲ್ಲಿ ಹೊರಬಂದ, ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ಎಲ್.ಪಿ. ತಟ್ಟೆ ವಿನೈಲಿನದು. ಅದು ಒಡೆಯುವುದಿಲ್ಲ; ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದು ಮುಖಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡಬಲ್ಲ ಅದು ಬಂದ ಮೇಲೆ ರಾಗಕ್ಕೆ ಕೈಕಾಲು ಚಾಚಲು ಎಡೆ ದೊರೆಯಿತು. 1949ರಲ್ಲಿ 45 ಸುತ್ತಿನ ಏಳು ಅಂಗುಲದ ಪುಟ್ಟ ತಟ್ಟೆಯೂ ಬಂದಿತು.

ಅನುಭವಸ್ಥರು ಹೊದಿಕೆಯ ಚಿತ್ರಕ್ಕೆ ಮರುಳಾಗುವುದಿಲ್ಲ. ತಟ್ಟೆಯನ್ನು ಹೊರತೆಗೆದು, ಅಂಚನ್ನು ಅಂಗೈಗಳ ನಡುವೆ ಹಿಡಿದು, ಬೆಳಕಿಗೆ ಓರೆಯಾಗಿ ತಿರುಗಿಸುತ್ತಾರೆ. ಕೂದಲೆಳೆಯ ಗೀರು ಪರವಾಗಿಲ್ಲ. ಉಗುರಿಗೆ ತಾಗುವ ಗೀರಾದರೆ ಮುಳ್ಳು ಅಲ್ಲಿ ಎಡವುತ್ತದೆ. ಹೊಳಪು ಹೋಗಿ ಬೂದುಬಣ್ಣಕ್ಕೆ ತಿರುಗಿದ 78ರ ತಟ್ಟೆಯನ್ನು ಉಕ್ಕಿನ ಮುಳ್ಳು ಸವೆಸಿದೆ ಎಂದು ತಿಳಿಯಬೇಕು. ಪ್ರತಿ ಹಾಡಿಗೂ ಹೊಸ ಮುಳ್ಳು ಹಾಕದ ಜಿಪುಣತನದ ಗುರುತು ಅದು. ನಡುವಿನ ಕಾಗದದ ಬಳಿ ಕೊರೆದಿರುವ ಸಂಖ್ಯೆಯನ್ನು ಓದಿದರೆ ಅದು ಯಾವ ಅಚ್ಚಿನದೆಂಬುದು ಗೊತ್ತಾಗುತ್ತದೆ. ಮನೆಗೆ ತಂದ ಮೇಲೆಯೂ ಎಚ್ಚರ ಬೇಕು. ವಿನೈಲ್ ತಟ್ಟೆಯನ್ನು ಶುದ್ಧಮಾಡಲು ಕೆಲವರು ಬಳಸುವ ಮದ್ಯಸಾರವನ್ನು ಅರಗಿನ ತಟ್ಟೆಗೆ ಸೋಕಿಸಿದರೆ ಅರಗು ಕರಗಿ ಹಾಡೇ ಅಳಿದುಹೋಗುತ್ತದೆ. ಎಲ್.ಪಿ.ಯ ನವಿರಾದ ಮುಳ್ಳು 78ರ ಅಗಲವಾದ ಗೆರೆಗೆ ಒಗ್ಗುವುದೂ ಇಲ್ಲ.

ಇಷ್ಟು ಶ್ರಮಪಟ್ಟು ಹುಡುಕಲು ಕಲ್ಕತ್ತೆಯೇ ಏಕೆ? ಕಾರಣವುಂಟು. ಭಾರತದಲ್ಲಿ ಗಾನತಟ್ಟೆಯ ಕಥೆ ಮೊದಲಾದದ್ದೇ ಇಲ್ಲಿ. ಗ್ರಾಮಫೋನ್ ಕಂಪನಿಯ ಮೊದಲ ಕಾರ್ಖಾನೆ 1908ರಲ್ಲಿ ಇಲ್ಲಿಯ ಸಿಯಾಲ್ದಾದಲ್ಲಿ ಕೆಲಸ ತೊಡಗಿತು. ಮುಂದೆ ಅದು ಡಮ್‌ಡಮ್‌ಗೆ ಬದಲಾಯಿತು. ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವಿದ್ದ ತಟ್ಟೆಗಳು ಅಲ್ಲಿಂದ ದೇಶದ ಮೂಲೆಮೂಲೆಗೂ ಹೋದವು. ಪಿ. ಕಾಳಿಂಗರಾಯರ ಭಾವಗೀತೆಯಾಗಲಿ, ರಾಜಕುಮಾರರ ಚಿತ್ರಗಳ ಹಾಡುಗಳಾಗಲಿ, ಆ ಮುದ್ರೆ ಹೊತ್ತಿದ್ದರೆ ಅವು ಡಮ್‌ಡಮ್ಮಿನಲ್ಲಿ ಅಚ್ಚಾಗಿ ರೈಲೇರಿ ಕನ್ನಡನಾಡಿಗೆ ಬಂದವು. ಕನ್ನಡ ಬಾರದ ಕೈಗಳು ಒತ್ತಿದ ತಟ್ಟೆಗಳಿಂದ ಕನ್ನಡದ ಮನೆಗಳು ದಶಕಗಳ ಕಾಲ ಹಾಡು ಕೇಳಿದವು.

ತಟ್ಟೆಯ ಶಕ್ತಿ ಎಷ್ಟೆಂಬುದಕ್ಕೆ ಗದಗಿನ ಕಡೆಯ ಬಾಲಕನ ಕಥೆಯೇ ಸಾಕ್ಷಿ. ಅಂಗಡಿಯೊಂದರಲ್ಲಿ ತಿರುಗುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆಯನ್ನು ಕೇಳಿದ ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆಬಿಟ್ಟು ಹೊರಟ. ಅವನೇ ಭೀಮಸೇನ ಜೋಶಿ.

ಆದರೆ ಈ ಬೀದಿಯ ಬೇಟೆಗಾರರು ಎಲ್ಲಕ್ಕಿಂತ ಹೆಚ್ಚಾಗಿ ಹಂಬಲಿಸುವ ಹೆಸರು ಗೌಹರ್ ಜಾನ್. 1873ರಲ್ಲಿ ಆಜಂಗಢದಲ್ಲಿ ಹುಟ್ಟಿ, ಆರ್ಮೇನಿಯನ್ ಮೂಲದ ತಂದೆಯಿಂದ ದೂರವಾಗಿ, ತಾಯಿ ಮಲ್ಕಾ ಜಾನಳೊಡನೆ ಕಲ್ಕತ್ತೆಗೆ ಬಂದು ನೆಲೆಸಿದ ಗಾಯಕಿ ಆಕೆ. 1902ರ ನವೆಂಬರಿನಲ್ಲಿ ಲಂಡನ್ನಿನ ಕಂಪನಿಯ ಪರವಾಗಿ ಬಂದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಯಂತ್ರ ಹೂಡಿದ. ಗಂಟೆಗಟ್ಟಲೆ ಬೆಳೆಸಬಹುದಾದ ಸಂಗೀತವನ್ನು ಮೂರು ನಿಮಿಷಕ್ಕೆ ಹಿಡಿಸಿ ಆಕೆ ದೊಡ್ಡ ಕೊಳವೆಯೊಳಗೆ ಹಾಡಿದಳು. ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿದಳು. ತಟ್ಟೆಗಳು ಅಚ್ಚಾಗಬೇಕಾದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಡವೆ! ಭಾರತದಲ್ಲಿ ಮುದ್ರಣಗೊಂಡ ಮೊಟ್ಟಮೊದಲ ತಟ್ಟೆಗಳ ಸಾಲಿಗೆ ಸೇರಿದವು ಅವು.

ಕಲ್ಕತ್ತೆಯಲ್ಲಿ ಐಶ್ವರ್ಯದ ಶಿಖರವೇರಿದ ಆಕೆ ಕೊನೆಗಾಲದಲ್ಲಿ ನೆರಳರಸಿ ಬಂದದ್ದು ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಆಕೆ ಕಣ್ಣುಮುಚ್ಚಿದಳು. ಹೀಗೆ ಕಂಠ ಕಲ್ಕತ್ತೆಯ ತಟ್ಟೆಗಳಲ್ಲಿ ಉಳಿಯಿತು. ದೇಹ ಕನ್ನಡದ ಮಣ್ಣಿಗೆ ಸೇರಿತು.

1980ರ ದಶಕದಲ್ಲಿ ಕ್ಯಾಸೆಟ್ಟು ಮನೆಮನೆಗೂ ನುಗ್ಗಿದಾಗ ತಟ್ಟೆಗಳು ಅಟ್ಟ ಸೇರಿದವು. ಇಂದು ಕಾಲಚಕ್ರ ಮತ್ತೆ ತಿರುಗಿದೆ. ಹೊಸದಾಗಿ ಒತ್ತಿದ ಎಲ್.ಪಿ.ಗಳು, ಹಳೆಯ ಚಿತ್ರಗೀತೆಗಳ ಮರುಮುದ್ರಣಗಳು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿವೆ. ಅವುಗಳನ್ನು ಇಂದಲ್ಲದಿದ್ದರೆ ನಾಳೆ ಕೊಳ್ಳಬಹುದು. ಅರಗಿನ ತಟ್ಟೆಯ ಮಾತು ಹಾಗಲ್ಲ. ಹಳೆಯ ಮನೆಯೊಂದು ಕೈಬದಲಾದಾಗ ಅಟ್ಟದ ಗಂಟು ಗುಜರಿಯವನ ತಕ್ಕಡಿಗೆ ಬೀಳುತ್ತದೆ. ಅಲ್ಲಿಂದ ಈ ಬೀದಿಗೆ ಬರುವಷ್ಟರಲ್ಲಿ ಎಷ್ಟೋ ಚೂರಾಗಿರುತ್ತವೆ. ಚೂರಾದದ್ದು ಆ ಹಾಡಿನ ಕೊನೆಯ ಪ್ರತಿಯೇ ಆಗಿದ್ದರೆ ಆ ಕಂಠ ಮತ್ತೊಮ್ಮೆ ಸತ್ತಂತೆ. ಅದಕ್ಕೆ ಅಳುವವರೂ ಇರುವುದಿಲ್ಲ.

ಆದುದರಿಂದಲೇ ಕಾಲುದಾರಿಯ ಮೇಲೆ ಕುಕ್ಕರಿಸಿ ಕುಳಿತವನ ಕೆಲಸವನ್ನು ಬರಿಯ ಹವ್ಯಾಸವೆಂದು ತಳ್ಳಿಹಾಕಲಾಗದು. ಅವನ ಕೈಗೆ ಸಿಕ್ಕಿದ ತಟ್ಟೆ ಕಪಾಟಿನಲ್ಲಿ ಬೀಗದೊಳಗೆ ಕುಳಿತರೆ ಫಲವಿಲ್ಲ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆ ಇಂತಹ ಹಳೆಯ ತಟ್ಟೆಗಳ ಧ್ವನಿಯನ್ನು ಗಣಕಕ್ಕೆ ಇಳಿಸಿ ಎಲ್ಲರೂ ಕೇಳುವಂತೆ ಮಾಡಿದೆ. ಕನ್ನಡನಾಡಿನ ಅಟ್ಟಗಳಲ್ಲಿಯೂ ಅಜ್ಜಂದಿರ ಕಾಲದ ಪೆಟ್ಟಿಗೆಗಳು ಇನ್ನೂ ಉಳಿದಿರಬಹುದು. ಅವುಗಳ ಮುಚ್ಚಳ ತೆರೆಯಲು ಕಲ್ಕತ್ತೆಯವರೆಗೆ ಹೋಗಬೇಕಾಗಿಲ್ಲ. ಗುಜರಿಯವನ ಕೂಗು ಬಾಗಿಲಿಗೆ ಬರುವ ಮೊದಲು ಏಣಿ ಹತ್ತಿದರೆ ಸಾಕು.