ಗಿಟಾರಿನ ಹೊಟ್ಟೆಯೊಳಗೆ

ನಮ್ಮ ಸಂಘದ ಪತ್ರಿಕೆ ಮನೆಗೆ ಬಂದಾಗ ನೀವು ಹುಡುಗ ಹುಡುಗಿಯರು ಏನು ಮಾಡುತ್ತೀರೆಂದು ನನಗೆ ಗೊತ್ತು. ಕಳೆದ ಕಾರ್ಯಕ್ರಮದ ಫೋಟೋಗಳಲ್ಲಿ ನಿಮ್ಮ ಮುಖ ಇದೆಯೇ ಎಂದು ನೋಡುತ್ತೀರಿ, ಆಮೇಲೆ ಪತ್ರಿಕೆ ಟೀಪಾಯಿಯ ಕೆಳಗೆ ಸೇರುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ. ಆದ್ದರಿಂದ ಈ ಸಲ ಹಬ್ಬದ ಅಡುಗೆ, ಊರಿನ ನೆನಪು ಎಲ್ಲವನ್ನೂ ಬದಿಗಿಟ್ಟು ನಿಮಗೆ ಬೇಕಾದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಅದು ಎಲೆಕ್ಟ್ರಿಕ್ ಗಿಟಾರು. ನುಡಿಸುವ ಬಗ್ಗೆ ಅಲ್ಲ, ಬಿಚ್ಚುವ ಬಗ್ಗೆ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ ಮನೆ ನೋಡಿಕೊಂಡಿರುವ ಹೆಂಗಸಿಗೆ ಇದರ ಉಸಾಬರಿ ಏಕೆಂದು ಕೇಳಬೇಡಿ. ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಮಳೆಗಾಲವಿಡೀ ಗಿಟಾರೊಂದು ಅಂಗಾತ ಮಲಗಿತ್ತು. ಅದರ ಪಕ್ಕದಲ್ಲೇ ಚಪಾತಿ ಲಟ್ಟಿಸಿದವಳಿಗೆ ಇಷ್ಟಾದರೂ ತಿಳಿಯದಿದ್ದರೆ ಹೇಗೆ?

ಮೊದಲು ಅದರ ಒಳಗುಟ್ಟು ಹೇಳುತ್ತೇನೆ. ಸಾದಾ ಗಿಟಾರಿಗೆ ದೊಡ್ಡ ಹೊಟ್ಟೆ ಇದೆ, ತಂತಿ ಮೀಟಿದರೆ ಆ ಹೊಟ್ಟೆ ಮೊಳಗುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆಯೇ ಇಲ್ಲ, ಬರೀ ಮರದ ಹಲಗೆ. ತಂತಿಗಳ ಕೆಳಗೆ ಕೂತಿರುವ ಪಿಕಪ್ ಎಂಬ ಸಣ್ಣ ಪಟ್ಟಿಯೇ ಅದರ ಕಿವಿ. ಒಂದೊಂದು ತಂತಿಯ ಅಡಿಯಲ್ಲಿ ಒಂದೊಂದು ಆಯಸ್ಕಾಂತ, ಅವುಗಳ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು. ಮೇಲಿನ ಉಕ್ಕಿನ ತಂತಿ ನಡುಗಿದರೆ ಆಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು, ನೀವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತದ್ದು. ಅಮೆರಿಕದ ಜಾರ್ಜ್ ಬೋಶಾಂಪ್ ಎಂಬಾತ 1931ರಲ್ಲಿ ಇದನ್ನು ಗಿಟಾರಿಗೆ ಅಳವಡಿಸಿದ. ಆ ಗಿಟಾರು ಬಾಣಲೆಯ ಹಾಗಿತ್ತಂತೆ, ಹೆಸರೂ ಹಾಗೆಯೇ ಬಿತ್ತು, ‘ಫ್ರೈಯಿಂಗ್ ಪ್ಯಾನ್’ ಎಂದು.

ನಮ್ಮ ವೀಣೆಗೆ ಇದನ್ನು ಹಾಕಬಹುದೇ ಎಂದು ನಾನು ಮಗಳನ್ನು ಕೇಳಿದ್ದೆ. ಆಯಸ್ಕಾಂತಕ್ಕೆ ಕೇಳಿಸುವುದು ಉಕ್ಕು ಮಾತ್ರ, ವೀಣೆಯ ಮಂದ್ರದ ಹಿತ್ತಾಳೆ ತಂತಿಗಳು ಅದಕ್ಕೆ ಕೇಳಿಸುವುದೇ ಇಲ್ಲ ಎಂದಳು. ವೀಣೆಯವರು ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಳ್ಳುವುದು ಅದಕ್ಕೇ ಇರಬೇಕು. ಅದು ಮರದ ನಡುಕವನ್ನು ಹಿಡಿಯುತ್ತದೆ, ಲೋಹ ಯಾವುದೆಂದು ಕೇಳುವುದಿಲ್ಲ.

ಈಗ ಕಥೆಗೆ ಬರುತ್ತೇನೆ. ನನ್ನ ಮಗಳು ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತು, ಹದಿನೇಳನೇ ವಯಸ್ಸಿಗೆ ಪಾಠ ಬಿಟ್ಟಳು. ಅದೇ ವರ್ಷ ಎಂಜಿನಿಯರಿಂಗ್ ಬೇಡವೆಂದು ಕಾಮರ್ಸಿಗೆ ಸೇರಿದಳು. ನಮ್ಮವರು ಸರಕಾರಿ ಸಂಸ್ಥೆಯೊಂದರಲ್ಲಿ ತಂತ್ರಜ್ಞರಾಗಿ ನಿವೃತ್ತರಾದವರು. ಎರಡೂ ಏಟು ಒಟ್ಟಿಗೆ ಬಿದ್ದದ್ದನ್ನು ಅವರು ತಾಳಲಿಲ್ಲ. ಜಗಳವೇನೂ ಆಗಲಿಲ್ಲ, ಮಾತು ನಿಂತಿತು. ಒಂದೇ ಮನೆಯಲ್ಲಿ ಅಪ್ಪನಿಗೆ ಮಗಳು ಹೇಳಬೇಕಾದದ್ದು ನನ್ನ ಮೂಲಕ, ಅದೂ ಇಂಗ್ಲಿಷಿನಲ್ಲಿ. “ಅಮ್ಮ, ಟೆಲ್ ಹಿಮ್ ಐ ವಿಲ್ ಬಿ ಲೇಟ್.” ಅವರ ಉತ್ತರವೂ ನನಗೇ. “ಊಟ ಮುಚ್ಚಿಟ್ಟಿರು ಅಂತ ಹೇಳು.” ಯಾರಿಗೆ ಯಾರು ಹೇಳಬೇಕೋ! ಹೀಗೆ ಒಂದೂವರೆ ವರ್ಷ ನಡೆಯಿತು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇದು ಈಗಲೂ ನಡೆಯುತ್ತಿರಬಹುದು, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಆ ದಿನಗಳಲ್ಲಿ ಅವಳು ಕಾಲೇಜಿನ ಸೀನಿಯರ್ ಒಬ್ಬರಿಂದ ಹಳೆಯ ಗಿಟಾರೊಂದನ್ನು ಕೊಂಡು ತಂದಳು. ಮೂರು ಪಿಕಪ್ಪುಗಳ, ಸ್ಟ್ರಾಟೊಕಾಸ್ಟರನ್ನು ನೋಡಿ ಮಾಡಿದ ಅಗ್ಗದ ನಕಲು. ಆಂಪ್ಲಿಫೈಯರಿಗೆ ಜೋಡಿಸಿದೊಡನೆ ಮನೆ ತುಂಬ ‘ಗುಂಯ್’ ಎಂಬ ಸದ್ದು. ಆ ಮಾದರಿಯ ಪಿಕಪ್ಪಿನಲ್ಲಿ ಸುರುಳಿ ಒಂದೇ ಇರುತ್ತದೆ. ಅದು ತಂತಿಯ ನಡುಕವನ್ನು ಕೇಳಿಸಿಕೊಳ್ಳುವಂತೆಯೇ ಗೋಡೆಯೊಳಗಿನ ವೈರು, ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರುಗಳ ಗುನುಗನ್ನೂ ಕೇಳಿಸಿಕೊಳ್ಳುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುವುದರಿಂದ ಆ ಗುನುಗಿನ ಶ್ರುತಿಯೂ ಅದೇ. “ಇದು ಸಂಗೀತವೋ ಹಿಟ್ಟಿನ ಗಿರಣಿಯೋ ಕೇಳು,” ಎಂದರು ನಮ್ಮವರು, ನನಗೆ.

ಪಿಕಪ್ ಬದಲಾಯಿಸಬೇಕೆಂದು ಅವಳು ಹಟ ಹಿಡಿದಳು. ಗುನುಗು ಅವಳಿಗೆ ದೊಡ್ಡ ಕಾರಣವಲ್ಲ. ಅವಳು ಯಾರಿಗೂ ಹೇಳದೆ ಆ ಗಿಟಾರಿನಲ್ಲಿ ಹಂಸಧ್ವನಿ ನುಡಿಸಲು ನೋಡುತ್ತಿದ್ದಳು. ಬಿಟ್ಟ ಪಾಠ ಅವಳನ್ನು ಬಿಟ್ಟಿರಲಿಲ್ಲ. ಗಮಕಕ್ಕೆ ತಂತಿ ಎಳೆದರೆ ಸ್ವರ ಅರ್ಧದಲ್ಲೇ ಸಾಯುತ್ತಿತ್ತು. ಕೆಳಗಿನ ಸ್ಥಾಯಿಯ ದಪ್ಪ ತಂತಿಯನ್ನು ಮೇಲಿನ ಮನೆಗಳಲ್ಲಿ ಒತ್ತಿದರೆ ಒಂದೇ ಮೀಟಿಗೆ ಎರಡು ಸ್ವರ ಒಂದಕ್ಕೊಂದು ತಿಕ್ಕಾಡುವಂತೆ ಕೇಳುತ್ತಿತ್ತು. ಪಿಕಪ್ಪೇ ಕೆಟ್ಟದ್ದೆಂದು ಅವಳ ತೀರ್ಮಾನ.

ಹೀಗೆ ಒಂದು ಶನಿವಾರ ನಾವಿಬ್ಬರೂ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಡಾ. ದಾದಾಸಾಹೇಬ ಭಡ್ಕಂಕರ್ ಮಾರ್ಗ ಎಂಬುದು ಅದರ ಅಧಿಕೃತ ಹೆಸರು, ಆದರೆ ಆ ಹೆಸರು ಹೇಳಿದರೆ ಟ್ಯಾಕ್ಸಿಯವನೂ ನಿಮ್ಮ ಮುಖ ನೋಡುತ್ತಾನೆ. ರೆಸಿಸ್ಟರು, ಕೆಪ್ಯಾಸಿಟರುಗಳನ್ನು ಅಲ್ಲಿ ಕಡಲೆಬೀಜದಂತೆ ಪೊಟ್ಟಣ ಕಟ್ಟಿ ಕೊಡುತ್ತಾರೆ. ನಮ್ಮ ಪಟ್ಟಿಯಲ್ಲಿದ್ದದ್ದು 250 ಕಿಲೋ ಓಮ್‌ನ ಮೂರು ಕಂಟ್ರೋಲುಗಳು, 0.022 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರು, ತಾಮ್ರದ ಅಂಟುಪಟ್ಟಿ, ಬೆಸುಗೆಯ ಸೀಸ. ಒಂದು ಅಂಗಡಿಯವನು “ಯೇ ಕಿಸ್ ಮಶೀನ್ ಕಾ ಹೈ, ಮೇಡಂ?” ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳದೆ, ಕೈಗೆ ಸಿಕ್ಕ ಕಂಟ್ರೋಲು ಕೊಟ್ಟ. ಮನೆಗೆ ಬಂದು ಜೋಡಿಸಿ ನೋಡಿದರೆ ಗುಂಡಿ ಸ್ವಲ್ಪ ಇಳಿಸಿದಾಗ ಏನೂ ಆಗುವುದಿಲ್ಲ, ಕೊನೆಗೆ ಬಂದಾಗ ದೊಪ್ಪನೆ ಸದ್ದು ಬಿದ್ದುಹೋಗುತ್ತದೆ.

ಸೋಫಾದಲ್ಲಿ ಪೇಪರು ಓದುತ್ತಿದ್ದ ನಮ್ಮವರು ಅಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. “ಲೀನಿಯರ್ ಕೊಟ್ಟಿದ್ದಾನೆ,” ಎಂದರು ಪೇಪರಿನ ಹಿಂದಿನಿಂದ. “ಕಿವಿಗೆ ಲಾಗ್ ಬೇಕು. ‘ಎ’ ಅಂತ ಬರೆದಿರೋದು ಕೇಳಬೇಕಿತ್ತು.” ನಮ್ಮ ಕಿವಿ ಸದ್ದನ್ನು ಒಂದೇ ಸಮನಾಗಿ ಅಳೆಯುವುದಿಲ್ಲ, ಆದ್ದರಿಂದ ವಾಲ್ಯೂಮಿಗೆ ಬೇರೆ ನಮೂನೆಯ ಕಂಟ್ರೋಲು ಬೇಕು, ಎಂದು ಆಮೇಲೆ ವಿವರಿಸಿದರು. ಆ ವಿವರಣೆ ಕೊಟ್ಟದ್ದು ನನಗಲ್ಲ ಎಂಬುದನ್ನು ನಾನು ಗಮನಿಸಿದೆ. ಸುಮ್ಮನೆ ಅಡುಗೆಮನೆಗೆ ಹೋದೆ.

ಮರುದಿನ ಅಟ್ಟದ ಮೇಲಿಂದ ಅವರ ಹಳೆಯ ಪೆಟ್ಟಿಗೆ ಇಳಿಯಿತು. ಟ್ರಾನ್ಸಿಸ್ಟರ್ ರೇಡಿಯೋ ಕೂಡಿಸುತ್ತಿದ್ದ ಬ್ರಹ್ಮಚಾರಿ ಕಾಲದ್ದು. ಒಳಗೆ ಎರಡು ಸೋಲ್ಡರಿಂಗ್ ಐರನ್, ಮಲ್ಟಿಮೀಟರು, ರಾಳದ ಡಬ್ಬಿ. ಮಗಳ 25 ವಾಟ್ ಐರನ್ನಿಗೆ ಕಂಟ್ರೋಲಿನ ಬೆನ್ನು ಬಿಸಿಯಾಗುತ್ತಿರಲಿಲ್ಲ. ಸೀಸ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಲ್ಲುತ್ತಿತ್ತು, ಮುಟ್ಟಿದರೆ ಕಳಚುತ್ತಿತ್ತು. ಮೊದಲು ಮರಳು ಕಾಗದದಿಂದ ಉಜ್ಜಿ, 60 ವಾಟ್ ಐರನ್ ಇಟ್ಟು, ಲೋಹ ಕಾದ ಮೇಲೆ ಸೀಸ ತಾಗಿಸಬೇಕು, ಐರನ್ನಿಗೆ ತಾಗಿಸುವುದಲ್ಲ. ಅವರು ಮಾಡಿ ತೋರಿಸಿದರು. “ಅಪ್ಪ, ಇಲ್ಲಿ ಸ್ವಲ್ಪ ಹಿಡ್ಕೊಳ್ಳಿ,” ಎಂದಳು. ಕನ್ನಡದಲ್ಲಿ. ಎರಡು ಕೈಯಲ್ಲಿ ಮೂರು ವಸ್ತು ಹಿಡಿಯಲಾಗದು, ನೋಡಿ.

ಪಿಕಪ್ಪಿಗೆ ಹೋಗುವ ಮೊದಲು ಅವರು ಮಾಡಿದ ಕೆಲಸ ಗೋಡೆಯ ಪ್ಲಗ್ಗನ್ನು ಪರೀಕ್ಷಿಸಿದ್ದು. ಮೂರು ತೂತುಗಳಲ್ಲಿ ಮೇಲಿನದಕ್ಕೆ ಅರ್ಥಿಂಗ್ ಬಂದೇ ಇರಲಿಲ್ಲ! ಗಿಟಾರಿನ ತಂತಿಗಳು ವೈರಿನ ಮೂಲಕ ಅದೇ ಅರ್ಥಿಗೆ ಸೇರಿರುತ್ತವೆ. ಅದು ಇಲ್ಲದಿದ್ದರೆ ಗುನುಗು ಹೆಚ್ಚುತ್ತದೆ, ಅದಕ್ಕಿಂತ ಮುಖ್ಯವಾಗಿ, ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ಶಾಕ್ ಹೊಡೆಯಬಹುದು. ಹಳೆಯ ಕಟ್ಟಡಗಳಲ್ಲಿರುವವರು ಇದೊಂದನ್ನು ದಯವಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿ. ಅರ್ಥಿಂಗ್ ಸರಿಪಡಿಸಿ, ಗಿಟಾರಿನ ಗುಳಿಯೊಳಗೆ ತಾಮ್ರದ ಪಟ್ಟಿ ಅಂಟಿಸಿದ ಮೇಲೆ ಗುನುಗು ಬಹಳ ಮಟ್ಟಿಗೆ ಇಳಿಯಿತು.

ಇನ್ನು ಎರಡು ಸ್ವರದ ತಿಕ್ಕಾಟ. ಇದರ ಕಾರಣ ತಿಳಿದಾಗ ನನಗೆ ನಗು ಬಂತು. ಪಿಕಪ್ಪುಗಳನ್ನು ಯಾರೋ ತಂತಿಗೆ ತೀರಾ ಹತ್ತಿರ ಏರಿಸಿದ್ದರು. ಆಯಸ್ಕಾಂತ ಹತ್ತಿರವಾದರೆ ಸದ್ದು ಜೋರಾಗುತ್ತದೆ ನಿಜ, ಆದರೆ ಅದು ತಂತಿಯನ್ನೇ ಜಗ್ಗಿ ಹಿಡಿದು ಸ್ವಚ್ಛಂದವಾಗಿ ನಡುಗಲು ಬಿಡುವುದಿಲ್ಲ. ಅಪಸ್ವರಕ್ಕೂ, ಸ್ವರ ಬೇಗ ಸಾಯುವುದಕ್ಕೂ ಅದೇ ಕಾರಣ. ಎರಡು ಸ್ಕ್ರೂ ತಿರುಗಿಸಿ ಇಳಿಸಿದರು, ಗಮಕ ಉಸಿರಾಡಿತು. ಖರ್ಚು ಸೊನ್ನೆ. ಹೊಸದಕ್ಕೆ ದುಡ್ಡು ಸುರಿಯುವ ಮುನ್ನ ಇರುವುದನ್ನು ಸ್ವಲ್ಪ ದೂರ ಸರಿಸಿ ನೋಡಿ ಎಂದು ನಿಮಗೆಲ್ಲ ಹೇಳಬೇಕೆನಿಸಿತು.

ಆದರೂ ಹೊಸ ಪಿಕಪ್ ಬಂದೇ ಬಂತು. ಅದಕ್ಕೆ ಹಂಬಕರ್ ಎಂದು ಹೆಸರು. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೆ ಪೇಟೆಂಟಿನ ಅರ್ಜಿ ಹಾಕಿದ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಆಯಸ್ಕಾಂತದ ದಿಕ್ಕನ್ನೂ ತಿರುಗಿಸಿದರೆ, ಗೋಡೆಯ ಗುನುಗು ಎರಡರಲ್ಲೂ ಎದುರುಬದುರಾಗಿ ಹುಟ್ಟಿ ವಜಾ ಆಗುತ್ತದೆ, ತಂತಿಯ ಸ್ವರ ಮಾತ್ರ ಕೂಡಿಕೊಳ್ಳುತ್ತದೆ. ಎಷ್ಟು ಸೊಗಸಾದ ಲೆಕ್ಕ! ದೊಡ್ಡ ಹಂಬಕರಿಗೆ ಮರ ಕೊರೆಯಬೇಕಿತ್ತು. ಅಪ್ಪ ಬಿಡಲಿಲ್ಲ, ಕೊರೆದ ಮರ ಮತ್ತೆ ಬೆಳೆಯುವುದಿಲ್ಲ ಎಂದರು. ಎರಡು ದಿನ ವಾದ ನಡೆಯಿತು. ನನಗೆ ಪರಮಾನಂದ, ಒಂದೂವರೆ ವರ್ಷದ ಮೇಲೆ ನೇರ ವಾದ! ಕೊನೆಗೆ ಒಂಟಿ ಸುರುಳಿಯ ಅಳತೆಯಲ್ಲೇ ಸಿಗುವ ಸಣ್ಣ ಹಂಬಕರ್ ತರಿಸಿ ಬ್ರಿಜ್ಜಿನ ಬಳಿ ಹಾಕಿದರು. ಕುತ್ತಿಗೆಯ ಬಳಿಯ ಹಳೆಯದನ್ನು ಹಾಗೆಯೇ ಉಳಿಸಿದರು, ಆಲಾಪನೆಗೆ ಅದರ ದುಂಡು ನಾದವೇ ಬೇಕೆಂದು ಅವಳ ಹಟ. ನನ್ನ ಮತವೂ ಅದೇ. ತೆಗೆದ ಪಿಕಪ್ಪು ಬಿಸ್ಕತ್ತಿನ ಡಬ್ಬಿಯಲ್ಲಿ, ಯಾವ ವೈರು ಎಲ್ಲಿತ್ತೆಂಬ ಚೀಟಿಯೊಡನೆ ಭದ್ರವಾಗಿದೆ.

ಪಿಕಪ್ಪಿನ ಸುರುಳಿಗಳು ಅಲುಗಾಡಿ ಕಿರುಚದಿರಲೆಂದು ಅವನ್ನು ಕರಗಿದ ಮೇಣದಲ್ಲಿ ಅದ್ದುತ್ತಾರಂತೆ. ಇದನ್ನು ಕೇಳಿ ನನಗೆ ಮೈಸೂರಿನ ವೀಣೆ ಮಾಡುವವರು ನೆನಪಾದರು. ಹಲಸಿನ ಮರದ ಮೇಲೆ 24 ಮೆಟ್ಟಿಲುಗಳನ್ನು ಮೇಣದಲ್ಲೇ ಕೂರಿಸುತ್ತಾರೆ, ಕಿವಿ ಒಪ್ಪುವವರೆಗೆ.

ಇದೆಲ್ಲ ವಿದೇಶಿ ಹುಚ್ಚು ಎನ್ನುವ ಹಿರಿಯರಿಗೆ ನೀವು ಕೆಲವು ಹೆಸರು ಹೇಳಬಹುದು. ನಮ್ಮ ಮುಂಬಯಿಯ ಹಿಂದಿ ಚಿತ್ರರಂಗದಲ್ಲಿದ್ದ ವಾನ್ ಶಿಪ್ಲಿ ಎಂಟು ತಂತಿಯ ಎಲೆಕ್ಟ್ರಿಕ್ ಗಿಟಾರನ್ನು ತಾವೇ ರೂಪಿಸಿಕೊಂಡು ನುಡಿಸಿದರು. ಯು. ಶ್ರೀನಿವಾಸ್ ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದು ಗಮಕಕ್ಕಾಗಿಯೇ. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ವರ್ಷಗಟ್ಟಲೆ ಅದನ್ನು ಪಳಗಿಸಿ, 1980ರಲ್ಲಿ ಇದೇ ಊರಿನ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯ ಜತೆ ನುಡಿಸಿದರು.

ಇನ್ನೊಬ್ಬನಿದ್ದಾನೆ, ಇಂಗ್ಲೆಂಡಿನ ಬ್ರಯನ್ ಮೇ. ಪಂಚಗಣಿಯ ಶಾಲೆಯಲ್ಲಿ ಓದಿದ ಫ್ರೆಡ್ಡಿ ಮರ್ಕ್ಯುರಿಯ ಕ್ವೀನ್ ತಂಡದವನು. 1963ರಲ್ಲಿ, ಹದಿನಾರರ ಹುಡುಗ, ಕೊಳ್ಳಲು ದುಡ್ಡಿಲ್ಲದೆ ಅಪ್ಪನ ಜತೆ ಕೂತು ಗಿಟಾರು ಮಾಡಲು ಹೊರಟ. ಹಳೆಯ ಅಗ್ಗಿಷ್ಟಿಕೆಯ ಮರ, ಮೋಟಾರ್‌ಸೈಕಲ್ಲಿನ ಸ್ಪ್ರಿಂಗು, ಅಮ್ಮನ ಹೆಣಿಗೆ ಕಡ್ಡಿಯ ತುದಿ. ಪಿಕಪ್ಪನ್ನೂ ತಾನೇ ಸುತ್ತಿದ. ತಂತಿ ಎಳೆದಾಗ ಅದರ ಸ್ವರ ಕೆಡುತ್ತಿದ್ದುದರಿಂದ ಬೇರೆ ಕೊಂಡು ಹಾಕಿದ. ಎರಡು ವರ್ಷ ಹಿಡಿದ ಆ ಗಿಟಾರಿನಲ್ಲೇ ಲೋಕವೆಲ್ಲ ಸುತ್ತಿದ. 2007ರಲ್ಲಿ ಖಗೋಳ ಭೌತವಿಜ್ಞಾನದಲ್ಲಿ ಪಿಎಚ್.ಡಿ.ಯನ್ನೂ ಮುಗಿಸಿದ. ಈ ಕೊನೆಯ ವಾಕ್ಯವನ್ನು ನಿಮ್ಮ ಅಪ್ಪಂದಿರಿಗೆ ಓದಿ ಹೇಳಿ. ನಮ್ಮವರಿಗೆ ಇಷ್ಟವಾದದ್ದು ಅದಲ್ಲ, ಆ ಅಪ್ಪನೂ ಎಲೆಕ್ಟ್ರಾನಿಕ್ಸಿನವನು ಎಂಬುದು.

ಕಳೆದ ರಾಜ್ಯೋತ್ಸವದಲ್ಲಿ ಮಗಳು ಹಂಸಧ್ವನಿ ನುಡಿಸಿದಳು. ಹಾಲಿನ ದೀಪಗಳನ್ನು ಡಿಮ್ಮರಿನಿಂದ ಇಳಿಸಿದೊಡನೆ ಹಳೆಯ ಪಿಕಪ್ಪಿನಲ್ಲಿ ಮತ್ತೆ ‘ಗುಂಯ್’ ಶುರುವಾಯಿತು. ಒಂಟಿ ಸುರುಳಿಯನ್ನು ಗುನುಗಿಗೆ ಅಡ್ಡಲಾಗಿ ತಿರುಗಿಸಿದರೆ ಅದು ಕಡಿಮೆಯಾಗುತ್ತದೆ. ಅವಳು ಕೂತಲ್ಲೇ ಮೆಲ್ಲಗೆ ತಿರುಗುತ್ತಾ ಹೋಗಿ, ಸದ್ದು ಅಡಗಿದಲ್ಲಿ ನಿಂತಳು. ಅದು ಸಭಿಕರಿಗೆ ಪೂರಾ ಪಕ್ಕಕ್ಕೆ, ಅಂದರೆ ಅವಳಪ್ಪ ಆಂಪ್ಲಿಫೈಯರಿನ ಬಳಿ ನಿಂತಿದ್ದ ಕಡೆಗೆ. ಕಾರ್ಯಕ್ರಮವಿಡೀ ಹಾಗೆಯೇ ನುಡಿಸಿದಳು. ಉಪಾಹಾರದ ಹೊತ್ತಿಗೆ ಹಿರಿಯರೊಬ್ಬರು ನಮ್ಮವರ ಬಳಿ ಬಂದು, “ಕೈ ಚೆನ್ನಾಗಿದೆ, ಆದರೆ ಹುಡುಗಿಗೆ ಸಭಾಕಂಪ ಜಾಸ್ತಿ, ಪಾಪ, ಜನರ ಕಡೆ ನೋಡಲೇ ಇಲ್ಲ,” ಎಂದರು. ನಮ್ಮವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಫ್ಯಾರಡೆಯಿಂದ ಶುರುಮಾಡಿದರು. ಇಬ್ಬರ ತಟ್ಟೆಯ ಉಪ್ಪಿಟ್ಟೂ ಆರಿಹೋಯಿತು.